ಐಎಸ್‌ಐ ಗುರುತಿಲ್ಲದ ಚನ್ನಪಟ್ಟಣ ಗೊಂಬೆ ಮಾರಬಾರದೇ? ಒಂದು ಸ್ಪಷ್ಟನೆ

‘ಐಎಸ್‌ಐ ಗುರುತಿಲ್ಲದ ಚನ್ನಪಟ್ಟಣದ ಗೊಂಬೆ ಮಾರುವುದು ಅಪರಾಧ, ಕೊಳ್ಳಬೇಡಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿರುವುದು ನಿಜ. ಆದರೆ 2020ರ ಡಿಸೆಂಬರ್‌ನ ತಿದ್ದುಪಡಿಯಲ್ಲೇ ಇಬ್ಬರಿಗೆ ವಿನಾಯಿತಿ ಸಿಕ್ಕಿದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿ ತಾನೇ ಮಾಡಿ ತಾನೇ ಮಾರುವ ಗೊಂಬೆಗೆ ಐಎಸ್‌ಐ ಬೇಕಿಲ್ಲ. ಭೌಗೋಳಿಕ ಸೂಚಕದ, ಅಂದರೆ ಒಂದು ಊರಿನ ವಿಶಿಷ್ಟ ಸರಕಿಗೆ ಸಿಗುವ ಜಿಐ ಟ್ಯಾಗ್‌ನ, ನೋಂದಾಯಿತ ಮಾಲೀಕರು ಮತ್ತು ಅಧಿಕೃತ ಬಳಕೆದಾರರು ಆ ಹೆಸರಿನಲ್ಲಿ ಮಾರುವ ಸರಕಿಗೂ ಬೇಕಿಲ್ಲ.

ಎಡವುವುದು ಇಲ್ಲೇ. ಊರಿನ ಗೊಂಬೆಗೆ ಟ್ಯಾಗ್ ಬಂದ ಮಾತ್ರಕ್ಕೆ ಊರಿನ ಪ್ರತಿ ಅಂಗಡಿಯೂ ‘ಅಧಿಕೃತ ಬಳಕೆದಾರ’ ಆಗುವುದಿಲ್ಲ. ಅದಕ್ಕೆ ಜಿಐ-3 ನಮೂನೆಯಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. 500 ರೂಪಾಯಿ ಇದ್ದ ಶುಲ್ಕ 2020ರಲ್ಲಿ 10 ರೂಪಾಯಿಗೆ ಇಳಿದಿದೆ. ಅರ್ಜಿ ಹಾಕದಿರಲು ದುಡ್ಡಿನ ನೆಪ ಉಳಿದಿಲ್ಲ. ಗೊಂಬೆ ತರಿಸಿ ಆನ್‌ಲೈನ್‌ನಲ್ಲಿ ಮಾರುವವರು ಕುಶಲಕರ್ಮಿಯ ಗುರುತಿನ ಚೀಟಿಯ ನಕಲು ಇಟ್ಟುಕೊಂಡರೆ ಸಾಲದು, ‘ಮಾಡಿ ಮಾರುವ’ ಎಂಬ ಎರಡು ಪದಗಳನ್ನು ಗಮನಿಸಿ.

ಅದೇ ಸಂದೇಶದಲ್ಲಿರುವ ‘ನೀರಲ್ಲಿ ಬಣ್ಣ ಬಿಟ್ಟರೆ ಅಸಲಿ’ ಎಂಬ ಮಾತಂತೂ ಪೂರ್ತಿ ತಲೆಕೆಳಗು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಅರಗು ನೀರಿನಲ್ಲಿ ಕರಗದು. ಸ್ಪಿರಿಟ್ ತಾಗಿದರೆ ಕರಗೀತು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.