ಸತ್ಯಾಂಶ: 30 ಸೆಕೆಂಡ್ ಹಾಡಿಗೆ ಕಾಪಿರೈಟ್ ಇಲ್ಲವೇ?

30 ಸೆಕೆಂಡಿನೊಳಗೆ ಹಾಡು ಬಳಸಿದರೆ ಕಾಪಿರೈಟ್ ತೊಂದರೆ ಇಲ್ಲ ಎಂಬ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಅದು ತಪ್ಪು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಇಂಥ ಸೆಕೆಂಡಿನ ಲೆಕ್ಕವೇ ಇಲ್ಲ. 52ನೇ ಸೆಕ್ಷನ್ ಸಂಶೋಧನೆ, ವಿಮರ್ಶೆ, ಸುದ್ದಿ ವರದಿಯಂಥ ಕೆಲಸಗಳಿಗೆ ವಿನಾಯಿತಿ ಕೊಡುತ್ತದೆ. ಅಲ್ಲೂ ಯಾಕೆ ಬಳಸಿದಿರಿ, ಎಷ್ಟು ಬಳಸಿದಿರಿ ಎಂಬುದು ಮುಖ್ಯ.

ಹಾಡಿನ ಜೀವ ಪಲ್ಲವಿಯಲ್ಲೇ ಇರುತ್ತದೆ, ಅಲ್ವಾ? ಅದು ಹತ್ತೇ ಸೆಕೆಂಡ್ ಇರಬಹುದು. ಅಂಗಡಿಯ ಜಾಹೀರಾತಿಗೆ ಅಷ್ಟನ್ನೇ ಹಾಕಿದರೂ ಅನುಮತಿ ಬೇಕು. ಹಾಡಿದವರ ಹೆಸರು ಹಾಕಿದರೆ ಸಾಲದು. ರೀಲ್ಸ್ ಆ್ಯಪ್‌ನೊಳಗೇ ಸಿಗುವ ಹಾಡುಗಳ ವಿಷಯ ಬೇರೆ. ಅವಕ್ಕೆ ಲೈಸೆನ್ಸ್ ಇರುತ್ತದೆ, ಆದರೆ ವ್ಯಾಪಾರಕ್ಕೆ ಬಳಸುವ ಮುನ್ನ ಷರತ್ತು ಓದಿ.

ಪರೀಕ್ಷಿಸುವುದು ಸುಲಭ. ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಕಾಯ್ದೆ ಉಚಿತವಾಗಿ ಸಿಗುತ್ತದೆ. 52ನೇ ಸೆಕ್ಷನ್ ತೆರೆದು ‘30 ಸೆಕೆಂಡ್’ ಎಲ್ಲಾದರೂ ಇದೆಯೇ ಹುಡುಕಿ. ಮೆಸೇಜ್ ಕಳಿಸಿದವರಿಗೂ ಆ ಪುಟವನ್ನೇ ಕಳಿಸಿ.