ತೊಡುವರ ಅಂದರೆ ಸ್ಪರ್ಶಕ

ಮೊನ್ನೆ ನಮ್ಮ ಕಾಸರಗೋಡಿನ ಮುಳ್ಳೇರಿಯ ಪೇಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. "ಮಗಳದ್ದು ಏಳು ಮುಗಿಯಿತು. ಎಂಟಕ್ಕೆ ಕನ್ನಡದಲ್ಲೇ ಇರಲಾ, ಇಂಗ್ಲಿಷ್ ಮೀಡಿಯಂಗೆ ಹಾಕುವುದಾ?" ಎಂದು ಕೇಳಿದರು. ಕನ್ನಡದಲ್ಲೇ ಇರಲಿ ಎಂದೆ. ಆದರೆ ಹೈಸ್ಕೂಲಿನಲ್ಲಿ ಪಾಠ ಮಾಡುವವರಿಗೆ ಕನ್ನಡ ಬರುತ್ತದಾ ಅಂತ ಮೊದಲು ವಿಚಾರಿಸಿ ಎಂದೂ ಹೇಳಿದೆ.

ನಾನು ಹತ್ತರಲ್ಲಿದ್ದಾಗ ಗಣಿತಕ್ಕೆ ಹೊಸ ಮಾಷ್ಟ್ರು ಬಂದರು. ಅವರಿಗೆ ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ. ಒಳ್ಳೆಯವರು, ತುಂಬ ಕಷ್ಟಪಟ್ಟರು. ಬೋರ್ಡಿನಲ್ಲಿ ವೃತ್ತ ಬರೆದು ಮಲಯಾಳದಲ್ಲಿ 'ತೊಡುವರ' ಎನ್ನುತ್ತಿದ್ದರು. ನಮ್ಮ ಪುಸ್ತಕದಲ್ಲಿ ಇದ್ದದ್ದು 'ಸ್ಪರ್ಶಕ'. ಅವರು 'ಞಾಣ್' ಎಂದರೆ ನಾವು 'ಜ್ಯಾ' ಹುಡುಕಬೇಕು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಆಡುವ ಮಕ್ಕಳು ನಾವು. ಪೇಟೆಯ ಮಲಯಾಳ ಬರುತ್ತಿತ್ತು, ಲೆಕ್ಕದ ಮಲಯಾಳ ಬರುತ್ತಿರಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಒಂಬತ್ತರವರೆಗೆ ಪ್ರಶ್ನೆ ಕೇಳಿ ಕೇಳಿಯೇ ಕಲಿತವನು. ಆ ವರ್ಷ ಸುಮ್ಮನಾದ. ಪಾಸೇನೋ ಆದ. ಪ್ಲಸ್ ವನ್‌ಗೆ (ಹನ್ನೊಂದನೇ ಕ್ಲಾಸಿಗೆ) ಸಯನ್ಸ್ ಮಾತ್ರ ಬೇಡ ಎಂದ. ಲೆಕ್ಕ ತನಗೆ ಹೇಳಿದ್ದಲ್ಲ ಅಂತ ಇವತ್ತಿಗೂ ನಂಬಿದ್ದಾನೆ.

ಹದಿನೈದರ ವಯಸ್ಸಿನಲ್ಲಿ ಹಾಗೆ ಅನ್ನಿಸಿದರೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ, ಅಲ್ವಾ?

ಸಂವಿಧಾನದ 350ಎ ವಿಧಿ ಬಂದದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕು ಎನ್ನುತ್ತದೆ. ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ 14 ವರ್ಷಕ್ಕೆ, ಎಂಟನೇ ಕ್ಲಾಸಿಗೆ ನಿಲ್ಲುತ್ತದೆ. ಒಂಬತ್ತು, ಹತ್ತರ ಮಕ್ಕಳಿಗೆ ಈ ಎರಡರ ನೆರಳೂ ಇಲ್ಲ. ಪಾಠ ನಿಜವಾಗಿ ಕಷ್ಟವಾಗುವುದೇ ಅಲ್ಲಿ.

ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಒಬ್ಬೊಬ್ಬರೇ ಬಿಟ್ಟರೆ ಕನ್ನಡದ ಡಿವಿಷನ್, ಅಂದರೆ ಆ ಕ್ಲಾಸಿನ ಕನ್ನಡ ವಿಭಾಗವೇ ಹೋಗುತ್ತದೆ. ಡಿವಿಷನ್ ಹೋದರೆ ಮಾಷ್ಟ್ರ ಹುದ್ದೆಯೂ ಹೋಗುತ್ತದೆ. ಉಳಿದ ಬಡ ಮಕ್ಕಳ ಗತಿ?

ಕಯ್ಯಾರ ಕಿಞ್ಞಣ್ಣ ರೈಗಳನ್ನು ನಾವು ಕವಿ, ಹೋರಾಟಗಾರ ಅಂತ ನೆನೆಯುತ್ತೇವೆ. ಅವರು ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದರು ಎನ್ನುವುದು ನನಗೆ ಅದಕ್ಕಿಂತ ಜಾಸ್ತಿ ಮುಖ್ಯ. ಮಕ್ಕಳ ಭಾಷೆಯಲ್ಲೇ ಕಲಿಸುವ ಅಂಥ ಮಾಷ್ಟ್ರು ಗಣಿತಕ್ಕೂ ಬೇಕು, ವಿಜ್ಞಾನಕ್ಕೂ ಬೇಕು. ಕನ್ನಡ ವಿಭಾಗದ ಹುದ್ದೆಗೆ ಕನ್ನಡ ಓದಿ, ಬರೆದು, ಪಾಠ ಮಾಡಬಲ್ಲವರನ್ನೇ ಹಾಕಿ. ನಾವು ಕೇಳುವುದು ಇಷ್ಟೇ. ಇದನ್ನು ಪಿಟಿಎ (ಪಾಲಕ-ಶಿಕ್ಷಕರ ಸಂಘ) ಸಭೆಯಲ್ಲಿ ಎದ್ದುನಿಂತು ಕೇಳಬೇಕು.

ಆ ಪರಿಚಯದವರು ಸೋಮವಾರ ಶಾಲೆಗೆ ಹೋಗುತ್ತಾರೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.