ಮುಯ್ಯಿಗೆ ಪುಸ್ತಕ, ಸಾಲಕ್ಕೆ ಬಾಯಿಮಾತು

ಮಂಡ್ಯ ಸೀಮೆಯ ಯಾವ ಛತ್ರಕ್ಕೆ ಹೋದರೂ ಊಟದ ಹಾಲಿನ ಬಾಗಿಲಲ್ಲಿ ಒಂದು ಮೇಜು, ಅದರ ಹಿಂದೆ ಇಬ್ಬರು ಇದ್ದೇ ಇರುತ್ತಾರೆ. ಒಬ್ಬ ಕವರು ಒಡೆದು ಎಣಿಸುತ್ತಾನೆ, ಇನ್ನೊಬ್ಬ ಉದ್ದನೆ ಪುಸ್ತಕದಲ್ಲಿ ಬರೆಯುತ್ತಾನೆ. ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಊರು, ರೂಪಾಯಿ. ಒಂದೇ ಹೆಸರಿನವರು ನಾಲ್ವರಿದ್ದರೆ ‘ಸೊಸೈಟಿ’, ‘ಮಿಲ್ಟ್ರಿ’, ‘ಬೋರ್‌ವೆಲ್’, ‘ಕುಳ್ಳ’ ಎಂದು ಪಕ್ಕದಲ್ಲಿ ಸೇರಿಸಿ ಬೇರೆ ಮಾಡುತ್ತಾರೆ. ಕವರಿನ ಮೇಲೆ ಹೆಸರಿಲ್ಲದಿದ್ದರೆ ಕೊಟ್ಟವನನ್ನು ಪಾಯಸದ ಎಲೆಯಿಂದ ಎಬ್ಬಿಸಿಯಾದರೂ ಕೇಳುತ್ತಾರೆ. ಇದು ಮುಯ್ಯಿ ಪುಸ್ತಕ.

ಮದುವೆ ಮುಗಿದ ಮೇಲೆ ಪುಸ್ತಕ ಬೀರು ಸೇರುತ್ತದೆ, ಜಮೀನಿನ ಪತ್ರದ ಜೊತೆಗೆ. ಹನ್ನೆರಡು ವರ್ಷ ಕಳೆದ ಮೇಲೆ ಎದುರು ಮನೆಯವರ ಲಗ್ನಪತ್ರಿಕೆ ಬಂದಾಗ ಈಚೆ ಬರುತ್ತದೆ. ‘ಅವ್ರು ನಮ್ ದೊಡ್ಡವನ ಮದ್ವೇಲಿ 501 ಹಾಕವ್ರೆ, ನಾವು ಸಾವಿರದ ಒಂದಾದ್ರೂ ಹಾಕ್ಬೇಡ್ವಾ?’ ಹನ್ನೆರಡು ವರ್ಷಕ್ಕೆ ಎರಡರಷ್ಟು ಎಂದರೆ ವರ್ಷಕ್ಕೆ ಸುಮಾರು ಶೇ 6ರ ಚಕ್ರಬಡ್ಡಿ. ಯಾರೂ ಕೇಳಿಲ್ಲ, ಯಾರೂ ನೋಟಿಸು ಕೊಟ್ಟಿಲ್ಲ, ತಾನಾಗಿಯೇ ಪಾವತಿಯಾಗುತ್ತದೆ. ಗದ್ದೆಯಲ್ಲೂ ಹೀಗೆಯೇ. ನಾಟಿಗೆ ಒಂದು ದಿನ ಮುಯ್ಯಾಳು ಬಂದರೆ ಅವರ ಗದ್ದೆಗೆ ಒಂದು ದಿನ ಹೋಗಬೇಕು. ಅರ್ಧ ದಿನ ಕಡಿಮೆಯಾದರೂ ಮುಂದಿನ ನಾಟಿವರೆಗೆ ಮಾತು ಕೇಳಬೇಕಾಗುತ್ತದೆ.

ಲೆಕ್ಕ ಗೊತ್ತಿಲ್ಲದ ಜನ ಇವರಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅದೇ ಛತ್ರದ ಹಿಂಭಾಗಕ್ಕೆ, ಕೈ ತೊಳೆಯುವ ನಲ್ಲಿಯ ಹತ್ತಿರ ಬನ್ನಿ. ಬೀಗರೂಟದ ಮುದ್ದೆ, ಮಾಂಸದ ಸಾರು ಮುಗಿದಿದೆ. ಬಾಮೈದ ಭಾವನ ಹೆಗಲ ಮೇಲೆ ಕೈಯಿಟ್ಟಿದ್ದಾನೆ. ‘ಭಾವ, ಒಂದೆರಡು ಲಕ್ಷ ಕೈಗಡ ಬೇಕಾಗಿತ್ತು. ನಾಲ್ಕು ದಿವ್ಸ ಅಷ್ಟೆ. ಕಬ್ಬಿನ ಬಿಲ್ಲು ಬಂದ್ ತಕ್ಷಣ ತಂದ್ಕೊಟ್ಬುಡ್ತೀನಿ.’ ಭಾವ ಹೂಂ ಅನ್ನುತ್ತಾರೆ. ಎರಡು ಲಕ್ಷದ ವ್ಯವಹಾರ ಕುದುರಿತು. ಮುಂದುಗಡೆ 101 ರೂಪಾಯಿಗೆ ಕ್ರಮಸಂಖ್ಯೆ ಬಿದ್ದಿದೆ, ಹಿಂದುಗಡೆ 2,00,000ಕ್ಕೆ ಒಂದು ಚೀಟಿಯೂ ಇಲ್ಲ.

ಈ ‘ನಾಲ್ಕು ದಿವ್ಸ’ವನ್ನು ಸ್ವಲ್ಪ ಬಿಡಿಸಿ ನೋಡೋಣ. ಸಕ್ಕರೆ ಕಾರ್ಖಾನೆ ಕಬ್ಬು ಪಡೆದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಆದೇಶ ಎಷ್ಟರಮಟ್ಟಿಗೆ ನಡೆಯುತ್ತದೆ ಎಂದು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಬಾಕಿ ಬಿಲ್ಲಿಗಾಗಿ ಹೆದ್ದಾರಿಯಲ್ಲಿ ಕೂತವರೇ ಅವರು. ಅಂದರೆ ಬಾಮೈದನ ನಾಲ್ಕು ದಿನ ಕಾರ್ಖಾನೆಯ ಹದಿನಾಲ್ಕು ದಿನಕ್ಕೆ ಜೋತುಬಿದ್ದಿದೆ, ಆ ಹದಿನಾಲ್ಕು ದಿನ ಯಾವುದಕ್ಕೆ ಜೋತುಬಿದ್ದಿದೆಯೋ ದೇವರೇ ಬಲ್ಲ. ಕಬ್ಬಿಲ್ಲದವರಿಗೆ ಬೇರೆ ಗಡುವುಗಳಿವೆ: ಚೀಟಿ ಎತ್ತಿದ ತಕ್ಷಣ, ಸೈಟು ಮಾರಿದ ತಕ್ಷಣ, ಆಷಾಢ ಕಳೆದ ತಕ್ಷಣ. ಎಲ್ಲದರಲ್ಲೂ ‘ತಕ್ಷಣ’ ಉಂಟು, ತಾರೀಖು ಮಾತ್ರ ಇಲ್ಲ.

ತಾರೀಖು ಹಾಕದಿದ್ದರೂ ಕಾನೂನಿನ ಗಡಿಯಾರ ಓಡುತ್ತಲೇ ಇರುತ್ತದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೊಟ್ಟ ಸಾಲಕ್ಕೆ ದಾವೆ ಹಾಕಲು ಇರುವುದು ಮೂರು ವರ್ಷ. ಮರಳಿಸುವ ದಿನವನ್ನು ಗೊತ್ತುಮಾಡದೆ ಕೊಟ್ಟ ಸಾಲಕ್ಕೆ ಆ ಮೂರು ವರ್ಷ, ಸಾಲ ಕೊಟ್ಟ ದಿನದಿಂದಲೇ ಶುರು. ನಾಚಿಕೆ ಬಿಟ್ಟು ಮೊದಲ ಸಲ ಕೇಳಿದ ದಿನದಿಂದ ಅಲ್ಲ. ಮೊದಲ ವರ್ಷ ‘ಪಾಪ, ಕಷ್ಟದಲ್ಲವ್ನೆ’, ಎರಡನೇ ವರ್ಷ ‘ಅವನ ಅಕ್ಕನಿಗೆ ಬೇಜಾರಾಗ್ತದೆ’, ಮೂರನೇ ವರ್ಷ ‘ಈ ಸಲ ಹಬ್ಬಕ್ಕೆ ಬಂದಾಗ ಕೇಳ್ತೀನಿ’ ಎಂದು ಕಳೆದರೆ ನಾಲ್ಕನೇ ವರ್ಷ ವಕೀಲರು ಹೇಳಲು ಉಳಿಯುವುದು ‘ಕಾಫಿ ಕುಡೀರಿ’ ಎಂಬ ಮಾತು.

ಇದನ್ನು ತಪ್ಪಿಸುವ ವಿದ್ಯೆಯೇನೂ ಕಷ್ಟದ್ದಲ್ಲ. ಸ್ಟೇಷನರಿ ಅಂಗಡಿಯಲ್ಲಿ ಅಚ್ಚಾದ ಆನ್ ಡಿಮ್ಯಾಂಡ್ ಪ್ರೋನೋಟು, ಅಂದರೆ ಕೇಳಿದಾಗ ಕೊಡುತ್ತೇನೆಂದು ಬರೆದುಕೊಡುವ ಸಾಲಪತ್ರ, ಸಿಗುತ್ತದೆ. ಅಂಚೆ ಕಚೇರಿಯಲ್ಲಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ, ಬಡ್ಡಿ ಇದ್ದರೆ ಎಷ್ಟು ಎಂದೂ, ದಿನ, ಸ್ಥಳ ಎಲ್ಲವನ್ನೂ ಪಡೆಯುವವನ ಕೈಯಲ್ಲೇ ತುಂಬಿಸಬೇಕು. ಸಹಿ ಸ್ಟಾಂಪಿನ ಮೇಲೆ ಹಾದು ಕಾಗದಕ್ಕೂ ಇಳಿಯಬೇಕು. ಸ್ಟಾಂಪು ರದ್ದಾಗುವುದು ಹಾಗೆ. ಸಾಮಾನ್ಯವಾಗಿ ಕೆಡುವುದು ಇಲ್ಲೇ. ಬೇರೆ ಎಷ್ಟೋ ಪತ್ರಗಳಿಗೆ ಸ್ಟಾಂಪು ಸಾಲದಿದ್ದರೆ ಆಮೇಲೆ ದಂಡ ಕಟ್ಟಿ ಸರಿಪಡಿಸಬಹುದು. ಪ್ರೋನೋಟಿಗೆ ಆ ದಾರಿಯಿಲ್ಲ. ಸ್ಟಾಂಪಿಲ್ಲದ ನೋಟನ್ನು ಕೋರ್ಟು ಸಾಕ್ಷ್ಯವಾಗಿ ನೋಡುವುದೇ ಇಲ್ಲ. ಮುಯ್ಯಿ ಕವರಿನ ಮೇಲೆ ಅಂಟಿಸಿಯೇ ಬರುತ್ತದಲ್ಲ ಒಂದು ರೂಪಾಯಿ ನಾಣ್ಯ, ಅದು ಮರೆತು 500 ಮಾತ್ರ ಹಾಕಿದರೆ ಅಪಶಕುನ ಎನ್ನುವ ಮನೆಯಲ್ಲೇ, ಎರಡು ಲಕ್ಷದ ಕಾಗದಕ್ಕೆ ಅದೇ ಒಂದು ರೂಪಾಯಿ ಸ್ಟಾಂಪು ಹಚ್ಚುವುದು ಅಪನಂಬಿಕೆ.

ಹೌದು, ಅಪನಂಬಿಕೆ. ಪ್ರೋನೋಟು ತೆಗೆದ ಕೂಡಲೇ ಬಾಮೈದನ ಮುಖ ಹುಣಸೆಹಣ್ಣಾಗುತ್ತದೆ. ‘ಏನ್ ಭಾವ, ಅಷ್ಟ್ ದೂರದವ್ನಾ ನಾನು?’ ಇವನೇ ಬ್ಯಾಂಕಿನಲ್ಲಿ ಬೆಳೆಸಾಲಕ್ಕೆ ಹೋದಾಗ ಮ್ಯಾನೇಜರು ತೋರಿಸಿದಲ್ಲೆಲ್ಲ, ಓದದೆ, ಹತ್ತಾರು ಸಹಿ ಹಾಕಿ ಥ್ಯಾಂಕ್ಸ್ ಸಾರ್ ಎಂದು ಬಂದವನು. ಅಪರಿಚಿತನಿಗೆ ಬರೆದುಕೊಟ್ಟರೆ ವ್ಯವಹಾರ, ಅಕ್ಕನ ಗಂಡನಿಗೆ ಬರೆದುಕೊಟ್ಟರೆ ಅವಮಾನ. ಇನ್ನು ಸಾಕ್ಷಿ. ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವ ಅರವತ್ತು ಹೆಸರಿರುತ್ತವೆ. ಪ್ರೋನೋಟಿನ ಕೆಳಗೆ ಸಹಿ ಹಾಕಲು ಎರಡು ಹೆಸರು ಹುಟ್ಟುವುದಿಲ್ಲ.

ಹೋಗಲಿ, ಬರೆಸಲಿಲ್ಲ. ಹಣವನ್ನಾದರೂ ಬ್ಯಾಂಕಿನ ಮೂಲಕ ಕಳಿಸಬಹುದಲ್ಲ? 20,000 ರೂಪಾಯಿ ಮತ್ತು ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯಬಾರದು ಎಂದು ಆದಾಯ ತೆರಿಗೆ ಕಾನೂನಿದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವ, ಪಡೆಯುವವ ಇಬ್ಬರಿಗೂ ಬೇಸಾಯದ ಆದಾಯವೊಂದೇ ಇದ್ದು, ತೆರಿಗೆ ಕಟ್ಟುವಷ್ಟು ಬೇರೇನೂ ಇಲ್ಲದಿದ್ದರೆ ವಿನಾಯಿತಿ. ಆದರೆ ನಮ್ಮವರು ಎರಡು ಲಕ್ಷವನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟು ತಲುಪಿಸುತ್ತಾರೆ. ಯುಪಿಐನಲ್ಲಿ ಕಳಿಸುವ ಆಧುನಿಕರೂ ಇದ್ದಾರೆ. ಅಲ್ಲಿ ಷರಾ ಬರೆಯಲು ಒಂದು ಜಾಗವಿರುತ್ತದೆ. ‘ಕೈಗಡ’ ಎಂದು ಮೂರಕ್ಷರ ಹೊಡೆದರೆ ಮುಂದೆ ‘ಅದು ನನಗೆ ಬರಬೇಕಿದ್ದ ದುಡ್ಡು’ ಎಂಬ ವಾದಕ್ಕೆ ಕಡಿವಾಣ ಬೀಳುತ್ತದೆ. ಅಲ್ಲಿ ಅವರು ಹಾಕುವುದು ಕೈಮುಗಿದ ಚಿತ್ರ. ಸಾಲ ಕೊಡುವವನೇ ಕೈಮುಗಿಯುವುದು ಎಷ್ಟು ಸರಿ ಎಂದು ಆರು ತಿಂಗಳ ನಂತರ ಗೊತ್ತಾಗುತ್ತದೆ.

ಅಂದ ಹಾಗೆ, ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರು ಹಣ ಕೇಳುವ ‘ರಿಕ್ವೆಸ್ಟ್’ ಗುಂಡಿಯೂ ಇತ್ತು. ಮೋಸಗಾರರ ಕಾಟಕ್ಕೆ 2025ರ ಅಕ್ಟೋಬರ್ 1ರಿಂದ ಅದನ್ನೂ ನಿಲ್ಲಿಸಿದರು. ಕೊಟ್ಟ ದುಡ್ಡನ್ನು ಮುಖ ನೋಡದೆ ಕೇಳಲು ಇದ್ದ ಒಂದೇ ಸಾಧನ ಹೋಯಿತು.

ಇನ್ನು ಕೊಡುವವರ ಮಹಿಮೆ. ಎರಡು ಲಕ್ಷ ಕೈಯಲ್ಲಿದ್ದು ಕೊಟ್ಟವರು ಕಡಿಮೆ. ಹೆಂಡತಿಯ ಸರ ಬ್ಯಾಂಕಿನಲ್ಲಿ ಅಡವಿಟ್ಟು ಕೊಟ್ಟವರೇ ಹೆಚ್ಚು. ಬಡ್ಡಿ ಶೇ 9 ಎಂದೇ ಇಟ್ಟುಕೊಳ್ಳಿ, ವರ್ಷಕ್ಕೆ 18,000. ಅದನ್ನು ಬಾಮೈದನ ಹತ್ತಿರ ಕೇಳುವಂತಿಲ್ಲ, ‘ನೆಂಟರ ಹತ್ರಾನೂ ಬಡ್ಡಿ ಈಸ್ಕೊತಾರಂತೆ’ ಎಂಬ ಮಾತು ಊರಿಗೆಲ್ಲ ಹಬ್ಬುತ್ತದೆ. ವರ್ಷ ತುಂಬಿದಾಗ ಬಡ್ಡಿ ಕಟ್ಟಿ ನವೀಕರಿಸುವವನು ಭಾವ. ತಪ್ಪಿದರೆ ಹರಾಜಿನ ನೋಟಿಸು ಬರುವುದು ಭಾವನ ವಿಳಾಸಕ್ಕೆ. ಮಂಡ್ಯದಲ್ಲಿ ‘ಬಡ್ಡಿಮಗ’ ಎಂದರೆ ಬೈಗುಳವೂ ಆಗುತ್ತದೆ, ಪ್ರೀತಿಯೂ ಆಗುತ್ತದೆ. ಕೈಗಡದ ಕತೆಯಲ್ಲಿ ಬಡ್ಡಿಯ ವಾಸನೆ ಬರುವುದು ಆ ಪದದಲ್ಲಿ ಮಾತ್ರ.

ಜಾಮೀನು ಹಾಕುವವರದು ಇದಕ್ಕೂ ಮೇಲಿನ ತ್ಯಾಗ. ‘ಬರೀ ಸೈನು ತಾನೆ’ ಎಂದು ಹಾಕುತ್ತಾರೆ. 1872ರ ಕರಾರು ಕಾಯ್ದೆಯಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಪೂರ್ತಿ. ಬೇರೆ ಒಪ್ಪಂದವಿಲ್ಲದಿದ್ದರೆ ಮೊದಲು ಅವನನ್ನು ಹಿಡಿಯಿರಿ ಎಂದು ಬ್ಯಾಂಕಿಗೆ ಹೇಳುವ ಹಕ್ಕೂ ಇಲ್ಲ. ಸಿಗುವವನನ್ನು ಬ್ಯಾಂಕು ಹಿಡಿಯುತ್ತದೆ, ಮತ್ತು ಸದಾ ಸಿಗುವವನು ಜಾಮೀನುದಾರ.

ಕೆಲವು ಜಾಣರು ಚೆಕ್ಕು ಪಡೆದಿಟ್ಟುಕೊಂಡಿರುತ್ತಾರೆ. ತಾರೀಖು ಹಾಕಿದ ಚೆಕ್ಕಿನ ಆಯುಷ್ಯ ಮೂರು ತಿಂಗಳು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಬರಹದ ನೋಟಿಸು, ಅದು ತಲುಪಿದ ಮೇಲೆ ಅವನಿಗೆ 15 ದಿನದ ಗಡುವು, ಅದೂ ಕಳೆದರೆ ಒಂದು ತಿಂಗಳೊಳಗೆ ದೂರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಅಡಿ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಇಷ್ಟು ಬಿಗಿಯಾಗಿದೆ. ಆದರೆ ಮೆಮೊ ಬಂದ ದಿನ ಬಾಮೈದ ಫೋನ್ ಮಾಡುತ್ತಾನೆ, ‘ಸೋಮವಾರ ಬಂದ್ಬುಡ್ತೀನಿ ಭಾವ’. ಯಾವ ಸೋಮವಾರ ಎಂದು ಯಾರೂ ಕೇಳುವುದಿಲ್ಲ. ಮೂವತ್ತು ದಿನದಲ್ಲಿ ಸೋಮವಾರ ನಾಲ್ಕೈದು. ಅಷ್ಟು ಕಳೆದರೆ ನೋಟಿಸಿನ ಗಡುವೂ ಕಳೆಯಿತು.

ಗಮನಿಸಿ, ಅವನು ಫೋನನ್ನೇ ಮಾಡುತ್ತಾನೆ, ಅಕ್ಷರದಲ್ಲಿ ಏನನ್ನೂ ಕಳಿಸುವುದಿಲ್ಲ. ಕಾಲಮಿತಿ ಕಾಯ್ದೆ ಸಾಲಗಾರರಿಗೆ ವಕೀಲರಿಗಿಂತ ಚೆನ್ನಾಗಿ ಗೊತ್ತು. ಮೂರು ವರ್ಷ ತುಂಬುವ ಮೊದಲು ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸ ಮೂರು ವರ್ಷ ಸಿಗುತ್ತದೆ. ಬಾಕಿಯಲ್ಲಿ ಒಂದಿಷ್ಟು ಕೊಟ್ಟು, ಕೊಟ್ಟೆನೆಂದು ಪ್ರೋನೋಟಿನ ಬೆನ್ನಿಗೆ ಬರೆದು ತಾರೀಖು, ಸಹಿ ಹಾಕಿದರೂ ಅಷ್ಟೇ, 1,000 ರೂಪಾಯಿಯಾದರೂ ಸಾಕು. ಮೂರು ವರ್ಷ ಕಳೆದ ಮೇಲಾದರೆ ಹೊಸದಾಗಿ ಬರೆದು ಸಹಿ ಹಾಕಿದ ವಾಗ್ದಾನವೇ ಬೇಕು, ಬಾಯಿಮಾತು ನಡೆಯದು. ಇಡೀ ಶಾಸ್ತ್ರದಲ್ಲಿ ಕೊಟ್ಟವನಿಗೆ ಹೆಚ್ಚು ಉಪಯೋಗಕ್ಕೆ ಬರುವ ಕೆಲಸ ಈ ಹಿಂಬರಹ. ಆದರೆ ಸಾವಿರ ರೂಪಾಯಿ ತಂದಾಗ ‘ಇರ್ಲಿ ಬುಡು, ಒಟ್ಗೇ ಕೊಡುವಂತೆ’ ಎಂದು ವಾಪಸು ಕೊಟ್ಟು ಕಾಫಿ ಕುಡಿಸಿ ಕಳಿಸುವವರನ್ನು ಏನೆನ್ನಬೇಕು? ಉದಾರಿ ಎನ್ನುತ್ತದೆ ಊರು.

ಕೋರ್ಟಿಗೆ ಹೋದವರ ಪಾಡು ಚಿಕ್ಕದಾಗಿ. ಪೊಲೀಸರು ಸಿವಿಲ್ ಮ್ಯಾಟ್ರು ಎನ್ನುತ್ತಾರೆ, ಬಹುಮಟ್ಟಿಗೆ ಅದು ನಿಜವೂ ಹೌದು. ಹಣ ಕೊಡಬೇಕೆಂಬ ಡಿಕ್ರಿ ಸಿಕ್ಕರೂ ಸಾಲಗಾರನ ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಜಪ್ತಿಗೆ ಸಿಗದು. ಅಡುಗೆ ಪಾತ್ರೆ, ಹಾಸಿಗೆ, ರೈತನ ನೇಗಿಲು, ಎತ್ತೂ ಸಿಗವು. ಲೋಕ ಅದಾಲತ್ ವಾಸಿ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು, ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ.

ಎಲ್ಲ ಮುಗಿದ ಮೇಲೆ ದೇವರು. ಮಾತು ಬಿಡ ಮಂಜುನಾಥ, ದುಡ್ಡು ಬಿಡ ತಿಮ್ಮಪ್ಪ ಎಂಬ ಗಾದೆಯನ್ನು ಸಾಲ ಕೊಟ್ಟವರು ಜಪದಂತೆ ಹೇಳಿಕೊಳ್ಳುತ್ತಾರೆ. ಸ್ವಲ್ಪ ತಾಳಿ. ತಿಮ್ಮಪ್ಪ ಮದುವೆಗೆಂದು ಕುಬೇರನ ಹತ್ತಿರ ಸಾಲ ಎತ್ತಿದಾಗ ಪತ್ರ ಬರೆದುಕೊಟ್ಟಿದ್ದ; ಬ್ರಹ್ಮ, ಶಿವ, ಅಶ್ವತ್ಥ ವೃಕ್ಷ ಸಾಕ್ಷಿ ಎನ್ನುತ್ತದೆ ಪುರಾಣ. ಬಡ್ಡಿ ಇನ್ನೂ ಕಟ್ಟುತ್ತಿದ್ದಾನೆ ಎಂಬುದು ಭಕ್ತರ ನಂಬಿಕೆ. ಏಳು ಬೆಟ್ಟದ ಒಡೆಯನಿಗೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಎಂದು ಕುಬೇರನನ್ನು ಕೇಳಲು ಹೊಳೆಯಲಿಲ್ಲ. ಬಾಮೈದನಿಗೆ ಹೊಳೆಯುತ್ತದೆ.

ಈ ನಡುವೆ ಭಾವನ ಮಗಳ ಮದುವೆ. ಬಾಮೈದ ಸೋದರಮಾವ, ಬಾರದಿರಲು ಸಾಧ್ಯವೇ? ಹೊಸ ಬುಲೆಟ್ಟಿನಲ್ಲಿ, ರೇಷ್ಮೆ ಪಂಚೆಯಲ್ಲಿ ಬಂದ. ಸಾಲದ ಮಾತು ಅವನೂ ಎತ್ತಲಿಲ್ಲ, ಭಾವನೂ ಎತ್ತಲಿಲ್ಲ, ಶುಭಕಾರ್ಯದಲ್ಲಿ ಎತ್ತಬಾರದು. ಊಟದ ಹಾಲಿನ ಬಾಗಿಲಲ್ಲಿ ನಿಂತು, ನಾಣ್ಯ ಅಂಟಿಸಿದ ಕವರನ್ನು ಮೇಜಿನ ಮೇಲಿಟ್ಟ. ಎಣಿಸುವವನು ಎಣಿಸಿದ, ಬರೆಯುವವನು ಬರೆದ: ಕ್ರಮಸಂಖ್ಯೆ 214, ಹೆಸರು, ತಂದೆಯ ಹೆಸರು, ಊರು, 1,001 ರೂಪಾಯಿ. ಬಾಮೈದನ ಮಗಳಿಗೆ ಈಗ ಹತ್ತೊಂಬತ್ತು. ಎರಡು ಮೂರು ವರ್ಷದಲ್ಲಿ ಅವಳ ಮದುವೆ ಬರುತ್ತದೆ. ಪುಸ್ತಕದ ಲೆಕ್ಕದಲ್ಲಿ ಭಾವ ಬಾಕಿದಾರ, ಎರಡು ಸಾವಿರದ ಒಂದು.